ಮರದ ಬುಡದಲ್ಲಿ ಗುಂಡಿ ಏಕೆ ಬೀಳುವುದಿಲ್ಲ?

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರವಿಕೊಂಡು ಓದುವಾಗ ಒಂದು ಸಂಗತಿ ಹೊಳೆಯಿತು. ಕಾಡಿನ ಬಗ್ಗೆ ಕೇಳಿದವರು, ಅಣುವಿನ ಬಗ್ಗೆ ಕೇಳಿದವರು, ಜೀವಕೋಶದ ಬಗ್ಗೆ ಕೇಳಿದವರು ಎಲ್ಲರೂ ಒಂದೇ ಇಂಗಾಲದ ಬೆನ್ನು ಹತ್ತಿದ್ದಾರೆ. ಅದಕ್ಕೇ ಉತ್ತರಗಳನ್ನು ಒಂದಕ್ಕೊಂದು ಪೋಣಿಸಿ ಬರೆದಿದ್ದೇನೆ.

ಪ್ರ: ಬೀಜ ನೋಡಿದರೆ ಚಿಟಿಕೆಯಷ್ಟು, ಮರ ಟನ್ನುಗಟ್ಟಲೆ. ಆ ತೂಕವೆಲ್ಲ ಮಣ್ಣಿನಿಂದ ಬರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ?

ಉ: ನಾನು ಮೂವತ್ತೊಂದು ವರ್ಷ ಜೀವಶಾಸ್ತ್ರ ಪಾಠ ಮಾಡಿದೆ. ಎರಡನೇ ವರ್ಷವೋ ಏನೋ, ಎಂಟನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಮರ ಮಣ್ಣು ತಿಂದು ಬೆಳೆಯೋದಾದರೆ ಬುಡದಲ್ಲಿ ಗುಂಡಿ ಬೀಳಬೇಕಿತ್ತಲ್ಲ ಸಾರ್?" ಎಂದ. "ಸುತ್ತಲಿನ ಮಣ್ಣು ಜಾರಿ ಬಂದು ತುಂಬಿಕೊಳ್ಳುತ್ತದೆ" ಎಂದು ಹೇಳಿ ಕೂರಿಸಿದೆ. ಅದು ತಪ್ಪು ಉತ್ತರ. ನನಗೆ ಅದು ಗೊತ್ತಾಗುವ ಹೊತ್ತಿಗೆ ಅವನು ಶಾಲೆ ಬಿಟ್ಟು ಹೋಗಿದ್ದ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮಗೆ ಬರೆಯುತ್ತಿದ್ದೇನೆ.

ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬಾತ ಇದನ್ನು ತೂಗಿಯೇ ನೋಡಿದ. ಒಣಗಿಸಿದ 200 ಪೌಂಡ್ ಮಣ್ಣನ್ನು ದೊಡ್ಡ ಕುಂಡಕ್ಕೆ ತುಂಬಿ, 5 ಪೌಂಡ್ ತೂಕದ ವಿಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಕೊನೆಗೆ ಮರ 169 ಪೌಂಡ್ ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದದ್ದು ಸುಮಾರು ಎರಡು ಔನ್ಸ್, ಅಂದರೆ ಅರವತ್ತು ಗ್ರಾಮಿಗೂ ಕಡಿಮೆ! ಆತ ಸತ್ತ ಮೇಲೆ, 1648ರಲ್ಲಿ, ಇದು ಅಚ್ಚಾಯಿತು.

ಮರವೆಲ್ಲ ನೀರಿನಿಂದಲೇ ಆಯಿತು ಎಂದು ಆತ ತೀರ್ಮಾನಿಸಿದ. ಇಲ್ಲಿಗೆ ಬಂದಾಗಲೆಲ್ಲ ನನ್ನ ಮನಸ್ಸು ಹಿಡಿದು ನಿಲ್ಲುತ್ತದೆ. ಏಕೆಂದರೆ 'ಗ್ಯಾಸ್' ಎಂಬ ಪದವನ್ನು ಟಂಕಿಸಿದವನೂ ಇವನೇ. 62 ಪೌಂಡ್ ಇದ್ದಿಲು ಸುಟ್ಟಾಗ ಒಂದೇ ಪೌಂಡ್ ಬೂದಿ ಉಳಿದದ್ದನ್ನು, ಉಳಿದದ್ದೆಲ್ಲ ಕಣ್ಣಿಗೆ ಕಾಣದ ಅನಿಲವಾಗಿ ಹಾರಿಹೋದದ್ದನ್ನು ಆತ ಗುರುತಿಸಿದ್ದ. ನಾವು ಇಂಗಾಲದ ಡೈಆಕ್ಸೈಡ್ ಎನ್ನುವುದು ಅದನ್ನೇ. ಮರ ಸುಟ್ಟರೆ ಹೊರಬರುವ ಅನಿಲವೇ ಮರ ಕಟ್ಟಲು ಒಳಗೆ ಹೋಗಿದ್ದು ಎಂಬ ಒಂದೇ ಒಂದು ಗಂಟು ಹಾಕುವುದು ಬಾಕಿಯಿತ್ತು.

ಲೆಕ್ಕ ನೋಡಿ. ಎಲೆ ತಯಾರಿಸುವ ಸಕ್ಕರೆಯಾದ ಗ್ಲೂಕೋಸಿನ ಒಂದು ಅಣುವನ್ನು 180 ಪಾಲು ತೂಕ ಎಂದುಕೊಂಡರೆ ಇಂಗಾಲ 72, ಆಮ್ಲಜನಕ 96, ಜಲಜನಕ 12. ಇಂಗಾಲವೂ ಆಮ್ಲಜನಕವೂ ಬರುವುದು ಇಂಗಾಲದ ಡೈಆಕ್ಸೈಡಿನಿಂದ, ಜಲಜನಕ ಮಾತ್ರ ನೀರಿನಿಂದ. ಅಂದರೆ 168 ಪಾಲು ಗಾಳಿಯ ಕಾಣಿಕೆ. ಎಲೆ ಹೊರಗೆ ಬಿಡುವ ಆಮ್ಲಜನಕವಾದರೋ ನೀರು ಒಡೆದು ಬಂದದ್ದು. 1941ರಲ್ಲಿ ಸ್ಯಾಮ್ಯುಯೆಲ್ ರೂಬೆನ್, ಮಾರ್ಟಿನ್ ಕೇಮೆನ್ ಮತ್ತು ಸಂಗಡಿಗರು ತೂಕ ಹೆಚ್ಚಿರುವ ಆಮ್ಲಜನಕದಿಂದ ನೀರಿಗೆ ಗುರುತು ಹಾಕಿ ಅದನ್ನು ತೋರಿಸಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಹತ್ತು ಸಾವಿರ ಅಣುಗಳಿಗೆ ಸುಮಾರು ನಾಲ್ಕು. ಅಷ್ಟು ವಿರಳವಾದದ್ದನ್ನು ಹೆಕ್ಕಿ ಹೆಕ್ಕಿ ಎಲೆಗಳು ಕಾಂಡ ಕಟ್ಟುತ್ತವೆ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲವೇ.

ಮಣ್ಣು ಬೇಡವೇ ಎಂದರೆ, ಖಂಡಿತ ಬೇಕು. ಸಾರಜನಕ, ರಂಜಕ, ಪೊಟ್ಯಾಸಿಯಂ ಎಲ್ಲವೂ ಬೇರಿನ ದಾರಿಯಲ್ಲೇ ಬರಬೇಕು. ಆದರೆ ಅವು ತೂಕದಲ್ಲಿ ಅತ್ಯಲ್ಪ. ಕಟ್ಟಿಗೆ ಉರಿದ ಮೇಲೆ ಉಳಿಯುವ ಬೂದಿಯನ್ನು ಅಂಗೈಯಲ್ಲಿ ಹಿಡಿದು ನೋಡಿ. ಹೆಚ್ಚುಕಡಿಮೆ ಅಷ್ಟೇ ಮಣ್ಣಿನ ಪಾಲು.

ಪ್ರ: ತೂಕ ಇಳಿಸಿಕೊಂಡಾಗ ಮೈಯ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಾಗಿಯೇ?

ಉ: ಬಹುಪಾಲು ಉಸಿರಾಗಿ. 10 ಕಿಲೋ ಕೊಬ್ಬು ಪೂರ್ತಿ ಕರಗಿದರೆ ಸುಮಾರು 8.4 ಕಿಲೋ ಇಂಗಾಲದ ಡೈಆಕ್ಸೈಡಾಗಿ ಮೂಗಿನಿಂದ ಹೊರಬೀಳುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಹಿಂದಿನ ಉತ್ತರವನ್ನು ಕೊನೆಯಿಂದ ಮೊದಲಿಗೆ ಓದಿದಂತೆ.

ಪ್ರ: ಆಹಾರ ಸರಪಳಿಯಲ್ಲಿ ಒಂದು ಮಟ್ಟದಿಂದ ಮುಂದಿನದಕ್ಕೆ ಶೇ. 10ರಷ್ಟು ಶಕ್ತಿ ಮಾತ್ರ ಹೋಗುತ್ತದೆ ಎಂದು ಬಾಯಿಪಾಠ ಮಾಡಿದ್ದೇನೆ. ಉಳಿದ 90 ಎಲ್ಲಿ ಮಾಯವಾಗುತ್ತದೆ? ಬಾಣದ ಗುರುತು ಹುಲ್ಲಿನಿಂದ ಜಿಂಕೆಯ ಕಡೆಗೆ ಏಕೆ? ತಿನ್ನುವುದು ಜಿಂಕೆಯಲ್ಲವೇ? (ಹತ್ತನೇ ತರಗತಿಯ ವಿದ್ಯಾರ್ಥಿನಿ)

ಉ: ಬಾಣ ಯಾರು ಯಾರನ್ನು ತಿಂದರು ಎಂದು ಹೇಳುವುದಿಲ್ಲ ಮಗಳೇ, ಶಕ್ತಿ ಯಾರ ಹೊಟ್ಟೆಗೆ ಹೋಯಿತು ಎಂದು ಹೇಳುತ್ತದೆ. ಇಷ್ಟು ನೆನಪಿದ್ದರೆ ಸಾಕು.

90ರ ಲೆಕ್ಕ ಕಣ್ಣಾರೆ ನೋಡಬೇಕಾದರೆ ಒಂದು ಕಂಬಳಿಹುಳುವನ್ನು ಅದು ತಿನ್ನುವ ಎಲೆಯ ಸಮೇತ ಬಾಯಗಲದ ಗಾಜಿನ ಶೀಸೆಗೆ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟು. ಬರಿಗೈಯಲ್ಲಿ ಮುಟ್ಟಬೇಡ, ಕೂದಲು ಚುಚ್ಚಿ ಉರಿಯುತ್ತದೆ. ಮರುದಿನ ನೋಡಿದರೆ ಎಲೆಯ ನರಗಳು ಹಾಗೇ ಉಳಿದಿರುತ್ತವೆ, ಅದು ತಿನ್ನದೆ ಬಿಟ್ಟ ಭಾಗ. ಶೀಸೆಯ ತಳದಲ್ಲಿ ಕಡುಹಸಿರು ಬಣ್ಣದ ಸಣ್ಣ ಸಣ್ಣ ಉಂಡೆಗಳು ಚೆಲ್ಲಿರುತ್ತವೆ, ಅದು ತಿಂದರೂ ಮೈಗೆ ಹತ್ತದ ಭಾಗ. ಮೈಗೆ ಹತ್ತಿದ್ದರಲ್ಲೂ ದೊಡ್ಡ ಪಾಲು ಹರಿದಾಡುವುದಕ್ಕೆ, ಜಗಿಯುವುದಕ್ಕೆ, ಸುಮ್ಮನೆ ಬದುಕಿರುವುದಕ್ಕೇ ಖರ್ಚಾಗಿ ಶಾಖವಾಗಿ ಹೋಯಿತು. ಇಷ್ಟೆಲ್ಲ ಕಳೆದ ಮೇಲೆ ಹುಳುವಿನ ಮೈ ಬೆಳೆದದ್ದೇನಿದೆಯೋ, ಅದು ಮಾತ್ರ ಹಕ್ಕಿಗೆ ಸಿಗುತ್ತದೆ. ಹತ್ತು ಎಂಬುದು ಅಂದಾಜು ಸರಾಸರಿ. ಎಲ್ಲೋ ಐದು, ಎಲ್ಲೋ ಇಪ್ಪತ್ತು.

ಜೀವಿಗಳೂ ಅವುಗಳ ಸುತ್ತಲಿನ ನೆಲ, ನೀರು, ಗಾಳಿಯೂ ಸೇರಿದ ಪರಿಸರ ವ್ಯವಸ್ಥೆಗೆ 'ಇಕೋಸಿಸ್ಟಂ' ಎಂಬ ಹೆಸರನ್ನು ಮೊದಲು ಬರಹದಲ್ಲಿ ಬಳಸಿದವನು ಆರ್ಥರ್ ಟ್ಯಾನ್ಸ್ಲಿ, 1935ರಲ್ಲಿ. ಅದರೊಳಗೆ ಶಕ್ತಿ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕಲು ಹೊರಟವನು ರೇಮಂಡ್ ಲಿಂಡೆಮನ್. ಅಮೆರಿಕದ ಮಿನ್ನೆಸೋಟದ ಒಂದು ಪುಟ್ಟ ಸರೋವರವನ್ನು ವರ್ಷಗಟ್ಟಲೆ ಅಳೆದು ಬರೆದ ಅವನ ಪ್ರಬಂಧ 1942ರಲ್ಲಿ ಅಚ್ಚಾಯಿತು. ಅದೇ ವರ್ಷ, ಅದು ಹೊರಬರುವ ಮೊದಲೇ ಅವನು ತೀರಿಕೊಂಡ. ವಯಸ್ಸು 26. ನೀನು ಬಾಯಿಪಾಠ ಮಾಡಿದ ಆ 10ರ ಹಿಂದೆ ಅವನ ಶ್ರಮ ಇದೆ.

ಒಂದು ಮಾತು ಸೇರಿಸುತ್ತೇನೆ. ಆ ಹಸಿರು ಉಂಡೆಗಳಲ್ಲಿರುವ ಇಂಗಾಲ ಕಳೆದುಹೋಗುವುದಿಲ್ಲ. ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಗಾಳಿಗೆ ಮರಳಿಸುತ್ತವೆ, ಮತ್ತೊಂದು ಎಲೆ ಅದನ್ನು ಎತ್ತಿಕೊಳ್ಳುತ್ತದೆ. ಶಾಖವಾಗಿ ಹೋದ ಶಕ್ತಿ ಮಾತ್ರ ತಿರುಗಿ ಬರುವುದಿಲ್ಲ. ಅದಕ್ಕೇ ಸೂರ್ಯ ದಿನವೂ ಮೂಡಬೇಕು.

ಪ್ರ: ಸಾವಯವ ಅಣು ಎಂದರೆ ಜೀವಿಗಳಿಂದ ಬಂದದ್ದು ಎಂದರ್ಥವೇ? ಹಾಗಾದರೆ ಪ್ಲಾಸ್ಟಿಕ್ಕನ್ನೂ ಆ ಗುಂಪಿಗೆ ಏಕೆ ಸೇರಿಸುತ್ತಾರೆ?

ಉ: ಹಿಂದೆ ಅದೇ ಅರ್ಥವಿತ್ತು. ಜೀವಿಗಳಲ್ಲಿ ಏನೋ ಒಂದು ಜೀವಶಕ್ತಿ ಇದೆ, ಅದಿಲ್ಲದೆ ಇಂಥ ಅಣು ಹುಟ್ಟದು ಎಂದು ನಂಬಿದ್ದರು. 1828ರಲ್ಲಿ ಫ್ರೀಡ್ರಿಷ್ ವೋಲರ್ ಪ್ರಯೋಗಾಲಯದಲ್ಲಿ ಅಮೋನಿಯಂ ಸೈನೇಟಿನಿಂದ ಯೂರಿಯಾ ಮಾಡಿದ. ಮೂತ್ರದಲ್ಲಿರುವ ಅದೇ ಯೂರಿಯಾ. ಮೂತ್ರಪಿಂಡದ ಹಂಗಿಲ್ಲದೆ ಇದನ್ನು ತಯಾರಿಸಬಲ್ಲೆ ಎಂದು ತನ್ನ ಗುರು ಬೆರ್ಜೀಲಿಯಸ್‌ಗೆ ಸಂತೋಷದಿಂದ ಪತ್ರ ಬರೆದ. ಆಮೇಲೆ ಅರ್ಥ ಬದಲಾಗುತ್ತಾ ಬಂತು. ಈಗ ಇಂಗಾಲದ ಬೆನ್ನೆಲುಬಿರುವ ಅಣುಗಳೆಲ್ಲ ಸಾವಯವ, ಪ್ಲಾಸ್ಟಿಕ್ಕೂ ಅದಕ್ಕೇ ಆ ಗುಂಪಿಗೆ ಸೇರುತ್ತದೆ. ಇಂಗಾಲದ ಡೈಆಕ್ಸೈಡಿನಂಥ ಕೆಲವನ್ನು ರೂಢಿಯಂತೆ ಹೊರಗಿಡುತ್ತಾರೆ.

ಪ್ರ: ಪಿಷ್ಟವೂ ಗ್ಲೂಕೋಸ್, ಸೆಲ್ಯುಲೋಸೂ ಗ್ಲೂಕೋಸ್. ಹಸುವಿಗೆ ಹುಲ್ಲು ಜೀರ್ಣವಾಗುತ್ತದೆ, ನಮಗೇಕೆ ಇಲ್ಲ?

ಉ: ಮಣಿಗಳು ಅವೇ, ಪೋಣಿಸಿದ ರೀತಿ ಬೇರೆ. ಪಿಷ್ಟದಲ್ಲಿ ಗ್ಲೂಕೋಸ್ ಮಣಿಗಳೆಲ್ಲ ಒಂದೇ ಮುಖವಾಗಿ ಕೂತಿರುವುದರಿಂದ ಸರ ಸುರುಳಿಯಾಗಿ ಬಾಗುತ್ತದೆ. ಹುಲ್ಲಿನಲ್ಲಿರುವ ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಮಗುಚಿ ಕೂತಿರುತ್ತದೆ. ಆದ್ದರಿಂದ ಸರ ನೆಟ್ಟಗೆ ನಿಂತು, ಪಕ್ಕದ ಸರಕ್ಕೆ ಅಂಟಿಕೊಂಡು ಗಟ್ಟಿ ನಾರಾಗುತ್ತದೆ. ನಮ್ಮ ಜೊಲ್ಲಿನಲ್ಲಿರುವ ಕಿಣ್ವ ಮೊದಲ ಬಗೆಯ ಗಂಟನ್ನು ಬಿಚ್ಚಬಲ್ಲದು, ಎರಡನೆಯದನ್ನು ಬಿಚ್ಚಲಾರದು. ನಿಜ ಹೇಳಬೇಕೆಂದರೆ ಹಸುವಿಗೂ ತನ್ನದೇ ಆದ ಅಂಥ ಕಿಣ್ವ ಇಲ್ಲ. ಅದರ ಹೊಟ್ಟೆಯ ಮೊದಲ ದೊಡ್ಡ ಕೋಣೆಯಲ್ಲಿ ಮನೆ ಮಾಡಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ.

ಪ್ರ: ಆನೆಯ ಜೀವಕೋಶ ಇಲಿಯದಕ್ಕಿಂತ ದೊಡ್ಡದೇ?

ಉ: ಹೆಚ್ಚುಕಡಿಮೆ ಒಂದೇ ಗಾತ್ರ. ಆನೆಗೆ ಕೋಶಗಳ ಸಂಖ್ಯೆ ಹೆಚ್ಚು, ಅಷ್ಟೇ. ಒಳಗೆ ಬರುವುದೂ ಹೊರಗೆ ಹೋಗುವುದೂ ಎಲ್ಲ ಕೋಶಪೊರೆಯ ಮೂಲಕವೇ. ಕೋಶವನ್ನು ಒಂದು ಘನ ಎಂದುಕೊಳ್ಳಿ. ಬದಿ 1 ಇರುವ ಘನಕ್ಕೆ ಮೈಮೇಲ್ಮೈ 6, ಒಳಗಾತ್ರ 1. ಬದಿ 10 ಆದರೆ ಮೇಲ್ಮೈ 600, ಒಳಗಾತ್ರ 1000. ಬಾಯಿಗಳು ಆರುನೂರು ಪಟ್ಟಾದವು ಎಂದುಕೊಳ್ಳುವಂತಿಲ್ಲ, ಅವು ಬರೀ ನೂರು ಪಟ್ಟಾದವು, ಹೊಟ್ಟೆ ಮಾತ್ರ ಸಾವಿರ ಪಟ್ಟಾಯಿತು. ಅಂಥ ಕೋಶ ಹಸಿದು ಸಾಯುತ್ತದೆ.

ಪ್ರ: ಪುಸ್ತಕದ ಜೀವಕೋಶದ ಚಿತ್ರ ನೂರು ಸಲ ಬಿಡಿಸಿದ್ದೇನೆ, ಅದರಲ್ಲಿ ಜೀವ ಇದೆ ಎಂದು ಅನ್ನಿಸುವುದೇ ಇಲ್ಲ.

ಉ: ಚಿತ್ರ ಬದಿಗಿಡಿ. ಕೊಳದಲ್ಲಿ ಬೆಳೆಯುವ ಹೈಡ್ರಿಲ್ಲಾ ಗಿಡದ ತುದಿಯಿಂದ ಒಂದು ಎಳೆಯ ಎಲೆ ಕಿತ್ತು, ಒಂದು ಹನಿ ನೀರಿನಲ್ಲಿಟ್ಟು, ಗಾಜಿನ ತೆಳು ಹಾಳೆ ಮುಚ್ಚಿ ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಡಿ. ಎಲೆ ಎರಡೇ ಕೋಶಗಳಷ್ಟು ದಪ್ಪ, ಕತ್ತರಿಸುವ ಕೆಲಸವೇ ಇಲ್ಲ. ಮೊದಲು ಇಟ್ಟಿಗೆ ಜೋಡಿಸಿದಂತೆ ಉದ್ದುದ್ದ ಕೋಣೆಗಳು, ಒಳಗೆ ಹಸಿರು ಕಾಳುಗಳು ಮಾತ್ರ ಕಾಣುತ್ತವೆ. ನಾನು ಮೊದಲ ಸಲ ನೋಡಿದಾಗ ಇಷ್ಟೇ ಎಂದು ಏಳಲು ಹೊರಟಿದ್ದೆ. ಪಕ್ಕದಲ್ಲಿದ್ದ ಗೆಳತಿ ತಡೆದು, ಬೆಳಕು ಬೀಳಲಿ, ಇನ್ನೂ ಹತ್ತು ನಿಮಿಷ ಕಾಯಿ ಎಂದಳು. ಕಾದೆ. ಎಲೆಯ ನಡುನರದ ಹತ್ತಿರ ಒಂದು ಹಸಿರು ಕಾಳು ಮೆಲ್ಲಗೆ ಜರುಗಿತು. ಅದರ ಹಿಂದೆ ಮತ್ತೊಂದು. ಸ್ವಲ್ಪ ಹೊತ್ತಿಗೆ ಆ ಕೋಣೆಯ ಕಾಳುಗಳೆಲ್ಲ ಸಾಲುಗಟ್ಟಿ ಗೋಡೆಯ ಅಂಚಿನಲ್ಲಿ ಪ್ರದಕ್ಷಿಣೆ ಹೊರಟಿದ್ದವು. ಗಾಳಿಯ ಇಂಗಾಲ ಸಕ್ಕರೆಯಾಗುವುದು ಆ ಕಾಳುಗಳೊಳಗೇ.