ಬಾಗಿಲ ಸಂದಿಯಲ್ಲಿ ಕಂಡ ಚಪ್ಪಲಿ

ಪ್ರಶ್ನೆ: ಒಂದೇ ಕೋಣೆಯಲ್ಲಿ ನಡೆಯುವ ಥ್ರಿಲ್ಲರ್, ಹಾರರ್ ಸಿನಿಮಾ ಅಂದ್ರೆ ನನಗೆ ಪ್ರಾಣ. ದೆವ್ವ ಇಲ್ಲ, ಫೈಟ್ ಇಲ್ಲ, ಆದರೂ ಉಸಿರು ಕಟ್ಟುತ್ತದೆ. ಯಾಕೆ? ನಮ್ಮ ತೋಟದ ಹಳೇ ಕಾಫಿ ಸ್ಟೋರಿನಲ್ಲಿ ಫೋನ್‌ನಲ್ಲೇ ಒಂದು ಕಿರುಚಿತ್ರ ತೆಗೆಯಬೇಕು ಅಂತಿದ್ದೇವೆ. ಏನು ಗಮನಿಸಬೇಕು?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಕಾಫಿ ಸ್ಟೋರ್ ಅಂದ ಕೂಡಲೇ ನನಗೆ ಮಡಿಕೇರಿ ಹತ್ತಿರದ ಅಜ್ಜನ ಮನೆ ನೆನಪಾಯಿತು. ಆಗ ನನಗೆ ಹತ್ತು ವರ್ಷ. ಕಣ್ಣಾಮುಚ್ಚಾಲೆ ಆಡುತ್ತಾ ಸ್ಟೋರಿನಲ್ಲಿ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗಳ ಹಿಂದೆ ಅಡಗಿದ್ದೆ. ಯಾರೋ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದರು. ಜುಲೈ ತಿಂಗಳು, ತಗಡಿನ ಮಾಡಿನ ಮೇಲೆ ಮಳೆ. ಕೂಗಿದರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಬಾಗಿಲ ಕೆಳಗೆ ಬೆರಳಗಲದ ಸಂದಿ. ಅದರಲ್ಲಿ ಅಜ್ಜಿಯ ಕೆಸರು ಮೆತ್ತಿದ ಹವಾಯಿ ಚಪ್ಪಲಿ ಕಂಡಿತು. ಬಂತು, ಸ್ವಲ್ಪ ನಿಂತಿತು, ಹೊರಟೇ ಹೋಯಿತು. ಅಲ್ಲಿಯವರೆಗೆ ಕತ್ತಲೆಗೂ ಹೆದರದ ನಾನು ಆಗ ಅತ್ತುಬಿಟ್ಟೆ.

ನೀವು ಕೇಳಿದ ಉಸಿರು ಕಟ್ಟುವುದು ಇದೇ. ಸಹಾಯ ಕೂಗಳತೆಯಲ್ಲೇ ಇರುತ್ತದೆ, ಕೂಗು ಮಾತ್ರ ಮುಟ್ಟುವುದಿಲ್ಲ. 2010ರ ‘ಬರೀಡ್’ ನೋಡಿ. ಶವಪೆಟ್ಟಿಗೆಯೊಳಗೆ ಒಬ್ಬ ಮನುಷ್ಯ, ಒಂದು ಲೈಟರ್, ಒಂದು ಮೊಬೈಲ್. ಕರೆ ಹೋಗುತ್ತದೆ, ಆ ಕಡೆಯವರು ಮಾತಾಡುತ್ತಾರೆ, ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಹಿಂದಿಯ ‘ಟ್ರ್ಯಾಪ್ಡ್’ನಲ್ಲಿ ರಾಜ್‌ಕುಮಾರ್ ರಾವ್ ಖಾಲಿ ಕಟ್ಟಡದ ಫ್ಲ್ಯಾಟಿನಲ್ಲಿ ಸಿಕ್ಕಿಬೀಳುತ್ತಾನೆ. ಕೆಳಗೆ ಇಡೀ ಮುಂಬೈ ಕಾಣುತ್ತಿರುತ್ತದೆ! ಹಾಗಾಗಿ ನಿಮ್ಮ ಕಥೆಯಲ್ಲೂ ಹೊರಗಿನ ಜಗತ್ತು ಇರಲಿ. ಜೀಪಿನ ಸದ್ದು, ತೋಟದ ಕೆಲಸಗಾರರ ಲೈನ್ ಮನೆಯ ರೇಡಿಯೋ, ಯಾರದೋ ಕೆಮ್ಮು. ಜೊತೆಗೆ ಮುಗಿಯುತ್ತಾ ಬರುವ ವಸ್ತು ಒಂದು ಬೇಕು. ಮೇಣದಬತ್ತಿಯೇ ಸಾಕು.

ಇನ್ನು ಕ್ಯಾಮೆರಾ. ಇದಕ್ಕೆ 1957ರ ‘12 ಆ್ಯಂಗ್ರಿ ಮೆನ್’ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅದು ಹಾರರ್ ಅಲ್ಲ, ಒಂದು ಕೋಣೆಯಲ್ಲಿ ಹನ್ನೆರಡು ಜನರ ವಾದ. ನಿರ್ದೇಶಕ ಸಿಡ್ನಿ ಲ್ಯುಮೆಟ್ ಮೊದಲು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಇಟ್ಟರು. ಆಮೇಲೆ ಕಣ್ಣಿನ ಮಟ್ಟಕ್ಕೆ, ಕೊನೆಗೆ ಅದಕ್ಕಿಂತ ಕೆಳಕ್ಕೆ ಇಳಿಸಿದರು. ಲೆನ್ಸನ್ನೂ ಹಂತಹಂತವಾಗಿ, ಹೆಚ್ಚು ಹತ್ತಿರ ತೋರಿಸುವಂಥದ್ದಕ್ಕೆ ಬದಲಿಸಿದರು. ಗೋಡೆಗಳು ಹತ್ತಿರ ಬಂದಂತೆ, ಕೊನೆಗೆ ಮಾಡು ತಲೆ ಮೇಲೆ ಕೂತಂತೆ ಅನ್ನಿಸುತ್ತದೆ. ನೀವೂ ಮೊದಲ ಶಾಟನ್ನು ಮೂಟೆಗಳ ಮೇಲೆ ನಿಂತು ಅಗಲವಾಗಿ ತೆಗೆಯಿರಿ. ಕೊನೆಯದನ್ನು ನೆಲದಿಂದ ಜೂಮ್ ಮಾಡಿ ತೆಗೆಯಿರಿ.

ಬೆಳಕು ಜಾಸ್ತಿ ಬೇಡ. 2005ರ ‘ದ ಡಿಸೆಂಟ್’ನ ಗುಹೆಗಳು ಸ್ಟುಡಿಯೋದ ಸೆಟ್. ಆದರೂ ನಂಬಿಕೆ ಬರುವುದು ಹೆಚ್ಚಾಗಿ ಪಾತ್ರಗಳ ಕೈಯಲ್ಲಿರುವ ಬೆಳಕಿನಷ್ಟೇ ನಮಗೂ ಕಾಣುವುದರಿಂದ. ಮಳೆ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ, ಇಲ್ಲದಿದ್ದರೆ ತಗಡಿನ ಕೆಳಗೆ ಒಂದು ಮಾತೂ ಕೇಳಿಸದು.

ಕನ್ನಡದಲ್ಲಿ ಸುನಿಲ್ ಕುಮಾರ್ ದೇಸಾಯಿ ಅವರ ‘ನಿಷ್ಕರ್ಷ’ವನ್ನು (1993) ತಪ್ಪದೇ ನೋಡಿ. ಬ್ಯಾಂಕಿನೊಳಗೆ ಸಿಕ್ಕಿಬಿದ್ದ ಜನ, ಒಂದೂ ಹಾಡಿಲ್ಲ. ಮಧ್ಯೆ ಎದ್ದು ಹೋಗೋಕೆ ಮನಸ್ಸೇ ಬರುವುದಿಲ್ಲ.

ಇನ್ನೊಂದು ಮಾತು. ಶೂಟಿಂಗ್ ಮಾಡುವಾಗ ಚಿಲಕ ನಿಜವಾಗಿ ಹಾಕಬೇಡಿ. ಹಾಕಿದ ಸದ್ದು ಸಾಕು. ನಿಮ್ಮಲ್ಲೊಬ್ಬರು ಬಾಗಿಲ ಹೊರಗೇ ನಿಂತಿರಿ.