ಕೇಪಿನ ರಿವಾಲ್ವರ್ ಕೊಳ್ಳುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಇಲ್ಲಿನ ಹರಾಜಿಗೆ ಪೆಟ್ಟಿಗೆ ಸಮೇತ ಒಂದು ಆಡಮ್ಸ್ ರಿವಾಲ್ವರ್, ಪೆಟ್ಟಿಗೆ ಇಲ್ಲದ ಒಂದು ಟ್ರಾಂಟರ್ ಬಂದಿವೆ. ಮೊದಲ ಸಲ ಕೊಳ್ಳುತ್ತಿದ್ದೇನೆ. ಏನೇನು ನೋಡಬೇಕು?

ಉತ್ತರ: ಪೆಟ್ಟಿಗೆಯ ಅಂದಕ್ಕೆ ಮರುಳಾಗಬೇಡಿ. ಮೊದಲು ನೋಡಬೇಕಾದ್ದು ಮದ್ದು ತುಂಬಿದೆಯೇ ಎಂದು. ಕರಿಮದ್ದು ಒಣಗಿದ್ದರೆ ನೂರೈವತ್ತು ವರ್ಷವಾದರೂ ಸಿಡಿಯುತ್ತದೆ. ನಿಪ್ಪಲ್ (ಸಿಲಿಂಡರ್ ಹಿಂಭಾಗದ ಪುಟ್ಟ ಕೊಳವೆ) ಮೇಲೆ ಕೇಪು (ಹ್ಯಾಮರ್ ಬಡಿದಾಗ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಇಲ್ಲವೆಂದು ಖಚಿತಪಡಿಸಿಕೊಂಡು, ಬಾಯಿ ನಿಮ್ಮ ಕಡೆ ತಿರುಗದಂತೆ ಹಿಡಿದು, ಸಿಲಿಂಡರಿನಲ್ಲಿ ಮದ್ದುಗುಂಡು ತುಂಬುವ ಐದೂ ಕೋಣೆಗಳಿಗೆ ತೆಳ್ಳನೆಯ ಮರದ ಕಡ್ಡಿ ಇಳಿಸಿ, ಆಳವನ್ನು ಹೋಲಿಸಿ. ಒಂದರಲ್ಲಿ ಕಡ್ಡಿ ಬೇಗ ನಿಂತರೆ ಅಲ್ಲಿ ಗುಂಡೋ ಕಸವೋ ಇದೆ. ಅದನ್ನು ತೆಗೆಯುವುದು ಬಂದೂಕು ರಿಪೇರಿ ಬಲ್ಲವರ ಕೆಲಸ.

ಆಮೇಲೆ ಮಾದರಿ ಗುರುತಿಸಿ. ರಾಬರ್ಟ್ ಆಡಮ್ಸ್ 1851ರಲ್ಲಿ ಪೇಟೆಂಟ್ ಪಡೆದ ರಿವಾಲ್ವರಿನ ಹ್ಯಾಮರ್‌ಗೆ ಹೆಬ್ಬೆರಳಿನಿಂದ ಎಳೆಯುವ ಕೊಕ್ಕೆ ಇಲ್ಲ. ಟ್ರಿಗರ್ ಒತ್ತಿದರೆ ಸಿಲಿಂಡರ್ ತಿರುಗುವುದು, ಹ್ಯಾಮರ್ ಎದ್ದು ಬೀಳುವುದು ಎಲ್ಲವೂ ಆಗುತ್ತದೆ. ಅದನ್ನೇ ಸುಧಾರಿಸಿದ ಬ್ಯೂಮಾಂಟ್-ಆಡಮ್ಸ್‌ನಲ್ಲಿ ಕೊಕ್ಕೆ ಇದೆ, ಎರಡು ರೀತಿಯಲ್ಲೂ ಹಾರಿಸಬಹುದು. ಬ್ರಿಟಿಷ್ ಸೇನೆ 1856ರಲ್ಲಿ ಒಪ್ಪಿಕೊಂಡದ್ದು ಇದನ್ನೇ. ಬರ್ಮಿಂಗ್‌ಹ್ಯಾಮ್‌ನ ವಿಲಿಯಂ ಟ್ರಾಂಟರ್ ಎರಡು ಟ್ರಿಗರ್ ಇಟ್ಟ. ಟ್ರಿಗರ್ ಸುತ್ತಲಿನ ಲೋಹದ ಬಳೆಯ ಕೆಳಗೆ ಇಳಿದಿರುವುದನ್ನು ಎಳೆದರೆ ಹ್ಯಾಮರ್ ಏಳುತ್ತದೆ, ಒಳಗಿನದನ್ನು ಒತ್ತಿದರೆ ಗುಂಡು ಹಾರುತ್ತದೆ. ಗುರಿ ಅಲುಗದಿರಲು ಇದಕ್ಕಿಂತ ಚೆಂದದ ಉಪಾಯ ಆ ಕಾಲದಲ್ಲಿ ಇನ್ನೊಂದಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಬೆಲೆ ನಿಂತಿರುವುದು ಸಂಖ್ಯೆಯ ಮೇಲೆ. ಚೌಕಟ್ಟಿನ ಸಂಖ್ಯೆ ಸಿಲಿಂಡರ್ ಮೇಲೂ ಇರಬೇಕು. ಟ್ರಾಂಟರ್ ಸಂಖ್ಯೆಯ ಕೊನೆಗೆ 'ಟಿ' ಅಕ್ಷರ ಬರುತ್ತದೆ. ಟ್ರಾಂಟರ್ ಮೊದಮೊದಲು ಆಡಮ್ಸ್ ಚೌಕಟ್ಟನ್ನೇ ಬಳಸಿದ್ದರಿಂದ ಅಂಥವುಗಳಲ್ಲಿ ಆಡಮ್ಸ್ ಸಂಖ್ಯೆಯೂ ಕಾಣಬಹುದು, ಅದು ದೋಷವಲ್ಲ. ಚೌಕಟ್ಟಿಗೊಂದು, ಸಿಲಿಂಡರಿಗೊಂದು ಸಂಖ್ಯೆ ಇದ್ದರೆ ಮಾತ್ರ ಎರಡು ರಿವಾಲ್ವರ್ ಸೇರಿಸಿ ಒಂದು ಮಾಡಿದ್ದಾರೆ ಎಂದರ್ಥ. ಸಿಲಿಂಡರ್ ಮೇಲೆ ಹಾದುಹೋಗುವ ಲೋಹದ ಪಟ್ಟಿಯಲ್ಲಿ ಕೊರೆದ ಹೆಸರು ಸಾಮಾನ್ಯವಾಗಿ ಮಾರಿದ ಅಂಗಡಿಯದು, ತಯಾರಕರದಲ್ಲ. ಅಂಡಾಕಾರದೊಳಗೆ 'ಇಎಲ್‌ಜಿ' ಎಂಬ ಪ್ರೂಫ್ ಮುದ್ರೆ (ಬಂದೂಕನ್ನು ಪರೀಕ್ಷಿಸಿ ಒತ್ತುವ ಗುರುತು) ಕಂಡರೆ ಅದು ಬೆಲ್ಜಿಯಂನ ಲಿಯೇಜ್‌ನಲ್ಲಿ ತಯಾರಾದದ್ದು. ಆಡಮ್ಸ್ ಅನುಮತಿ ಪಡೆದೇ ಅಲ್ಲಿ ಮಾಡಿದ ಒಳ್ಳೆಯ ತುಂಡುಗಳಿವೆ, ಆದರೆ ಇಂಗ್ಲಿಷ್ ಬೆಲೆ ಕೊಡಬೇಡಿ.

ಹೊಸದಾಗಿ ಪಾಲಿಶ್ ಮಾಡಿದ್ದನ್ನು ಹಿಡಿಯಲು ಅಂಚುಗಳನ್ನು ನೋಡಿ. ಎಂಟು ಮೂಲೆಯ ಬ್ಯಾರೆಲ್ಲಿನ ಅಂಚು ಚೂಪಾಗಿರಬೇಕು, ಸ್ಕ್ರೂ ತೂತಿನ ಸುತ್ತ ತಗ್ಗಿರಬಾರದು. ಅಕ್ಷರಗಳು ಸವೆದಿದ್ದೂ ಬಣ್ಣ ಮಾತ್ರ ಗಾಢ ನೀಲಿ ಎಂದರೆ ಉಜ್ಜಿ ಮತ್ತೆ ಬಣ್ಣ ಕಟ್ಟಿದ್ದಾರೆ. ಅದಕ್ಕಿಂತ ಕಂದು ಬಣ್ಣಕ್ಕೆ ತಿರುಗಿದ, ಯಾರೂ ಮುಟ್ಟದ ಲೋಹವೇ ಮೇಲು. ಪೆಟ್ಟಿಗೆಯಲ್ಲಿ ರಿವಾಲ್ವರಿನ ಅಚ್ಚು ಬಟ್ಟೆಯ ಮೇಲೆ ಮೂಡಿರಬೇಕು. ಗುಂಡು ಎರಕ ಹೊಯ್ಯುವ ಅಚ್ಚಿನ ಮೇಲಿರುವ ಬೋರ್ ಸಂಖ್ಯೆ (ಗುಂಡಿನ ಅಳತೆ) ರಿವಾಲ್ವರಿಗೆ ಹೊಂದಬೇಕು. ಹೊಂದದಿದ್ದರೆ ಬಿಡಿಬಿಡಿಯಾಗಿ ಕೂಡಿಸಿದ ಪೆಟ್ಟಿಗೆ ಅದು.

ಕೊನೆಗೆ ಯಂತ್ರ. ಹ್ಯಾಮರ್‌ಗೂ ನಿಪ್ಪಲ್‌ಗೂ ನಡುವೆ ದಪ್ಪ ಚರ್ಮದ ತುಂಡಿಟ್ಟು ನಿಧಾನವಾಗಿ ಟ್ರಿಗರ್ ಎಳೆಯಿರಿ. ಖಾಲಿ ಬಡಿದರೆ ನಿಪ್ಪಲ್ ತುದಿ ಜಜ್ಜಿಹೋಗುತ್ತದೆ. ಐದೂ ಕೋಣೆಗಳು ಬ್ಯಾರೆಲ್ಲಿನ ನೇರಕ್ಕೆ ಬಂದು ಬಿಗಿಯಾಗಿ ನಿಲ್ಲಬೇಕು. ಒಂದೆರಡು ಮಾತ್ರ ತಪ್ಪಿದರೆ ಸಿಲಿಂಡರ್ ಹಿಂಭಾಗದ ಹಲ್ಲು ಸವೆದಿದೆ. ಎಲ್ಲವೂ ತಪ್ಪಿದರೆ ಅದನ್ನು ತಳ್ಳುವ ಸನ್ನೆ ಸವೆದಿರುವ ಸಾಧ್ಯತೆ ಹೆಚ್ಚು.

ಹರಾಜಿನ ಲೆಕ್ಕವನ್ನೂ ಮೊದಲೇ ಹಾಕಿ. 2000 ಪೌಂಡಿಗೆ ಕೂಗು ನಿಂತು, ಹರಾಜುದಾರರ ಕಮಿಷನ್ ಶೇ. 25 ಇದ್ದು, ಆ ಕಮಿಷನ್ ಮೇಲೆ ಶೇ. 20 ತೆರಿಗೆ ಬಿದ್ದರೆ ನೀವು ಕೊಡುವುದು 2600.

ಪ್ರಶ್ನೆ: 54 ಬೋರ್ ಎಂದರೆ 54 ಏನು?

ಉತ್ತರ: ಒಂದು ಪೌಂಡ್ ಸೀಸದಲ್ಲಿ ಬ್ಯಾರೆಲ್ಲಿನ ಅಳತೆಯ 54 ಗುಂಡುಗಳಾಗುತ್ತವೆ ಎಂದು. ಒಂದೊಂದೂ ಸುಮಾರು 8.4 ಗ್ರಾಂ, ಅಡ್ಡಳತೆ 0.442 ಇಂಚು. ಸಂಖ್ಯೆ ಹೆಚ್ಚಿದಷ್ಟೂ ಗುಂಡು ಸಣ್ಣದು: 38 ಬೋರ್ ಅರ್ಧ ಇಂಚಿಗೆ ಹತ್ತಿರ, 120 ಬೋರ್ ಜೇಬಿನ ರಿವಾಲ್ವರಿಗೆ.

ಪ್ರಶ್ನೆ: ಕೊಂಡದ್ದನ್ನು ಶಿವಮೊಗ್ಗದ ಮನೆಗೆ ತರಬಹುದೇ? ನಮ್ಮಲ್ಲಿ ಕೇಪಿನ ಕೋವಿ ಹೊಸದೇನಲ್ಲ.

ಉತ್ತರ: ಲೈಸೆನ್ಸ್ ಇಲ್ಲದೆ ತರಲೇಬೇಡಿ. ಇಂಗ್ಲೆಂಡಿನಲ್ಲಿ 1968ರ ಬಂದೂಕು ಕಾಯ್ದೆಯ 58(2)ನೇ ಕಲಮು ಹಳೆಯ ಶಸ್ತ್ರವನ್ನು ಅಲಂಕಾರಕ್ಕೆ, ಕುತೂಹಲಕ್ಕೆ ಇಟ್ಟುಕೊಳ್ಳಲು ಬಿಡುತ್ತದೆ. ಹಾರಿಸುವ ಉದ್ದೇಶವಿದ್ದರೆ ಅಲ್ಲಿಯೂ ಪ್ರಮಾಣಪತ್ರ ಬೇಕು. ಭಾರತದ ಮಾತೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನ ವಿನಾಯಿತಿ ಸಿಗಬೇಕಾದರೆ ಶಸ್ತ್ರ ಹಳೆಯದಾಗಿದ್ದರಷ್ಟೇ ಸಾಲದು, ದುರಸ್ತಿ ಮಾಡಿದರೂ ಹಾರದಂತಿರಬೇಕು. ಚೆನ್ನಾಗಿ ನಡೆಯುವ ಆಡಮ್ಸ್ ಆ ಸಾಲಿಗೆ ಸೇರದು. ಆಮದಿಗೂ 10ನೇ ಕಲಮಿನಡಿ ಲೈಸೆನ್ಸ್ ಬೇಕು. ಬ್ಯಾಗಿನಲ್ಲಿ ಹಾಕಿಕೊಂಡು ವಿಮಾನ ಹತ್ತುವ ಯೋಚನೆ ಬಿಟ್ಟು ಮೊದಲು ಲೈಸೆನ್ಸ್ ಕೊಡುವ ಅಧಿಕಾರಿಗಳಿಂದ ಲಿಖಿತ ಉತ್ತರ ಪಡೆಯಿರಿ.

ಪ್ರಶ್ನೆ: ತುಕ್ಕಿಗೆ ಏನು ಹಚ್ಚಲಿ?

ಉತ್ತರ: ತೆಳ್ಳನೆಯ ಎಣ್ಣೆ ಹಚ್ಚಿ ಎರಡು ದಿನ ಬಿಡಿ, ಹತ್ತಿಬಟ್ಟೆಯಲ್ಲಿ ಒರೆಸಿ. ಗಂಟು ಕಟ್ಟಿದ ತುಕ್ಕನ್ನು ತಾಮ್ರದ ಚೂರಿನಿಂದ ಮೆಲ್ಲಗೆ ಕೆರೆಯಬಹುದು. ಉಕ್ಕಿಗಿಂತ ತಾಮ್ರ ಮೆತ್ತಗಿರುವುದರಿಂದ ಗೀರು ಬೀಳದು. ತುಕ್ಕು ಕರಗಿಸುವ ಆಮ್ಲ, ಉಪ್ಪುಕಾಗದ, ತಂತಿ ಬ್ರಶ್ ಬೇಡ, ತುಕ್ಕಿನ ಜೊತೆ ಮೂಲ ಬಣ್ಣವೂ ಹೋಗುತ್ತದೆ. ಒಣಗಿಸಿ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳುಲೇಪ ಕೊಡಿ. ಸ್ಕ್ರೂ ಬಿಚ್ಚುವುದಾದರೆ ಅದರ ಸೀಳಿಗೆ ಸರಿಯಾಗಿ ಕೂರುವಂತೆ ಉಜ್ಜಿದ ಸ್ಕ್ರೂಡ್ರೈವರ್ ಬಳಸಿ. ಆ ಸೀಳುಗಳು ತೀರ ಸಣ್ಣ, ಅಂಗಡಿಯ ಸ್ಕ್ರೂಡ್ರೈವರ್ ಜಾರಿ ಪಕ್ಕದ ಕೆತ್ತನೆಯನ್ನು ಗೀರುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ಹದ ಮಾಡಿದ ಚರ್ಮದ ಹುಳಿಗೆ ಉಕ್ಕು ತುಕ್ಕು ಹಿಡಿಯುತ್ತದೆ.