ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್ ಊರಿನವರು ತಮ್ಮದೇ ಮಠದ ಮೇಲೆ ಯಾಕೆ ತಿರುಗಿಬಿದ್ದರು?

ನೀವು ಕೇಳಿರುವುದು ಇದು: ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ಪ್ರಾರ್ಥನೆ ಮಾಡಿಕೊಂಡು ತಮ್ಮ ಪಾಡಿಗೆ ಇದ್ದವರು, ಅಂಥವರ ಮೇಲೆ ಊರಿನ ಜನಕ್ಕೆ ಅಷ್ಟು ಸಿಟ್ಟು ಯಾಕೆ? ನನ್ನ ಉತ್ತರ ನೇರವಾಗಿದೆ. ಆ ಮಠವೇ ಊರಿನ ಒಡೆಯ. ನೆಲ, ಸಂತೆ, ಗಿರಣಿ, ನ್ಯಾಯ, ಸುಂಕ, ಎಲ್ಲವೂ ಅದರ ಕೈಯಲ್ಲಿತ್ತು. ಒಬ್ಬೊಬ್ಬ ಸನ್ಯಾಸಿಗೆ ಸ್ವಂತ ಆಸ್ತಿ ಇರಬಾರದು ಅಂತ ಬೆನೆಡಿಕ್ಟನ ನಿಯಮ ಹೇಳುತ್ತದೆ ನಿಜ, ಆದರೆ ಮಠಕ್ಕೆ ಆಸ್ತಿ ಇರಬಾರದು ಅಂತ ಎಲ್ಲೂ ಹೇಳುವುದಿಲ್ಲ.

ಶುರುವಾದದ್ದು ಹೀಗೆ. ಇಂಗ್ಲೆಂಡಿನ ಪೂರ್ವ ಭಾಗದ ಈಸ್ಟ್ ಆಂಗ್ಲಿಯಾದ ದೊರೆ ಎಡ್ಮಂಡ್‌ನನ್ನು 869ರಲ್ಲಿ ಡೇನರು, ಅಂದರೆ ಡೆನ್ಮಾರ್ಕ್ ಕಡೆಯಿಂದ ಬಂದ ದಾಳಿಕಾರರು, ಕೊಂದರು. ಜನ ಅವನನ್ನು ಸಂತ ಎಂದು ಪೂಜಿಸತೊಡಗಿದರು. 1020ರಲ್ಲಿ ಅವನ ಸಮಾಧಿಯ ಜಾಗದಲ್ಲಿ ಬೆನೆಡಿಕ್ಟ್ ಸನ್ಯಾಸಿಗಳನ್ನು ನೆಲೆಗೊಳಿಸಿದವನು ಕನೂಟ್, ಅವನೂ ಡೇನ್ ದೊರೆಯೇ! ಆಮೇಲೆ ದೊರೆ ಎಡ್ವರ್ಡ್ ಪಶ್ಚಿಮ ಸಫೋಕ್ ಪೂರ್ತಿ ಮಠದ ಅಧಿಕಾರಕ್ಕೆ ಬಿಟ್ಟುಕೊಟ್ಟ. ಬಾಲ್ಡ್ವಿನ್ ಎಂಬ ಮಠಾಧಿಪತಿ (ಅವರು ವೈದ್ಯರೂ ಹೌದು) ಊರಿನ ಬೀದಿಗಳನ್ನು ಅಚ್ಚುಕಟ್ಟಾಗಿ ಹಾಕಿಸಿದರು. ಮೊದಲು ಉಳುತ್ತಿದ್ದ ನೆಲದಲ್ಲಿ 342 ಮನೆ ಎದ್ದಿವೆ ಅಂತ 1086ರಲ್ಲಿ ದೊರೆ ಮಾಡಿಸಿದ ಭೂಮಿಯ ಲೆಕ್ಕ, ಡೂಮ್ಸ್‌ಡೇ ಪುಸ್ತಕದಲ್ಲಿದೆ.

ಇದೇ ಮಠದ ಜೋಸಲಿನ್ ಎಂಬ ಸನ್ಯಾಸಿ 1173ರಿಂದ 1202ರವರೆಗಿನ ಒಳಗಿನ ಕಥೆಯನ್ನೆಲ್ಲ ಬರೆದಿಟ್ಟಿದ್ದಾನೆ. ಮಧ್ಯಯುಗದ ಮಠ ಹೇಗಿತ್ತು ಅಂತ ತಿಳಿಯಲು ನನಗೆ ಇದಕ್ಕಿಂತ ಇಷ್ಟವಾದ ಬರಹ ಇನ್ನೊಂದಿಲ್ಲ. ಮುದಿ ಮಠಾಧಿಪತಿ ಹ್ಯೂ ಸಾಯುವಾಗ ಮಠ ಸಾಲದಲ್ಲಿ ಮುಳುಗಿತ್ತು. 1182ರಲ್ಲಿ ಸ್ಯಾಮ್ಸನ್ ಮಠಾಧಿಪತಿಯಾದರು: ಬೋಳು ತಲೆ, ಕೆಂಪು ಗಡ್ಡ, ಫ್ರೆಂಚೂ ಲ್ಯಾಟಿನ್ನೂ ಬಲ್ಲವರು, ಆದರೆ ಜನರಿಗೆ ಉಪದೇಶ ಮಾಡುವಾಗ ತಮ್ಮ ನಾರ್ಫಕ್‌ನ ಆಡುಮಾತಿನಲ್ಲೇ ಮಾಡುತ್ತಿದ್ದರು. ಲೆಕ್ಕಪತ್ರ ಸರಿಮಾಡಿ ಸಾಲ ತೀರಿಸಿದರು. ದೊಡ್ಡ ಆಡಳಿತಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ 1190ರಲ್ಲಿ ಈಸ್ಟರ್ ಹಬ್ಬದ ಹಿಂದಿನ ವಾರದ ಗರಿಗಳ ಭಾನುವಾರದಂದು ಆ ಊರಿನಲ್ಲಿ 57 ಯಹೂದಿಗಳ ಕೊಲೆಯಾದಾಗ, ಉಳಿದವರನ್ನು ಕಾಪಾಡುವ ಬದಲು ದೊರೆಯ ಅಪ್ಪಣೆ ತಂದು ಊರಿಂದಲೇ ಹೊರಗೆ ಹಾಕಿದವರೂ ಇವರೇ. ಇದನ್ನು ಬಿಟ್ಟು ಬರೀ ಅವರ ಹೊಗಳಿಕೆ ಹೇಳುವುದು ನನ್ನಿಂದ ಆಗದು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಹರ್ಬರ್ಟ್ ಎಂಬ ಮುದಿ ಡೀನ್ (ಚರ್ಚಿನ ಒಬ್ಬ ಅಧಿಕಾರಿ) ತನ್ನ ಜಾಗದಲ್ಲಿ ಒಂದು ಗಾಳಿಗಿರಣಿ ಕಟ್ಟಿಸಿದ. ಸುದ್ದಿ ಕೇಳಿ ಸ್ಯಾಮ್ಸನ್ ಕೆಂಡಾಮಂಡಲವಾದರು, ಅದನ್ನು ಕೆಡವುವವರೆಗೆ ಊಟ ಮುಟ್ಟುವುದಿಲ್ಲ ಅಂದರು. ಗಾಳಿ ಯಾರಪ್ಪನ ಸ್ವತ್ತೂ ಅಲ್ಲ, ನಾನು ನನ್ನ ಕಾಳು ಮಾತ್ರ ಬೀಸಿಕೊಳ್ಳುತ್ತೇನೆ ಅಂತ ಹರ್ಬರ್ಟ್ ಬೇಡಿಕೊಂಡ. ನನ್ನ ಎರಡೂ ಕಾಲು ಕಡಿದಿದ್ದರೆ ಎಷ್ಟು ಉಪಕಾರವೋ ಇದೂ ಅಷ್ಟೇ ಉಪಕಾರ ಅಂತ ಸ್ಯಾಮ್ಸನ್ ಸಿಡುಕಿದರು. ಊರವರು ಅಲ್ಲಿಗೆ ಹೋಗಿ ಬೀಸಿಸಿದರೆ ಮಠದ ಗಿರಣಿಗೆ ನಷ್ಟ, ಅಲ್ವಾ? ಕೊನೆಗೆ ಮಠದ ಆಳುಗಳು ಬರುವ ಮೊದಲೇ ಆ ಮುದುಕ ತಾನೇ ಅದನ್ನು ಕೀಳಿಸಿಬಿಟ್ಟ.

ಇನ್ನೊಂದು, ಕೊಯ್ಲಿನ ಕಾಸು. ಮಠದ ಹೊಲದ ಕೊಯ್ಲಿಗೆ ಹೋಗುವ ಬದಲು ಪ್ರತಿ ಮನೆಯೂ ವರ್ಷಕ್ಕೆ ಒಂದು ಪೆನ್ನಿ ಕೊಡಬೇಕಿತ್ತು. ಉಳ್ಳವರಿಗೆ ವಿನಾಯಿತಿ ಸಿಗುತ್ತಿತ್ತು, ಬಡವರ ಮನೆಯಿಂದ ಮಾತ್ರ ಮುಕ್ಕಾಲಿ, ಬಾಗಿಲು, ಪಾತ್ರೆ ಸಹ ಹೊತ್ತುಕೊಂಡು ಹೋಗುತ್ತಿದ್ದರು. ಮುದುಕಿಯರು ನೂಲುವ ಕೋಲು ಹಿಡಿದುಕೊಂಡು ಬೀದಿಗೆ ಬಂದು ಬೈಯುತ್ತಿದ್ದರಂತೆ. ಇದನ್ನು ಬರೆದವನು ಮಠದ ಸನ್ಯಾಸಿ ಜೋಸಲಿನ್ನೇ. ಅದಕ್ಕೇ ನಾನು ನಂಬುತ್ತೇನೆ. ಆಮೇಲೆ ಊರು ಒಟ್ಟಾಗಿ ವರ್ಷಕ್ಕೆ 20 ಶಿಲಿಂಗ್ ಕೊಡುವುದು ಅಂತ ತೀರ್ಮಾನವಾಯಿತು.

ಹೀಗೆ ತಲೆಮಾರುಗಟ್ಟಲೆ ನಡೆದರೆ ಏನಾಗುತ್ತದೆ? 1327ರಲ್ಲಿ ಊರವರು ಮಠಕ್ಕೆ ನುಗ್ಗಿ, ಸನ್ಯಾಸಿಗಳನ್ನು ಹೊಡೆದರು. ಅವರು ಹುಡುಕಿ ಒಯ್ದ ವಸ್ತುಗಳಲ್ಲಿ ಮಠದ ಹಕ್ಕುಪತ್ರಗಳೂ ಇದ್ದವು. ಮುಂದಿನ ವರ್ಷ ಮಠಾಧಿಪತಿಯನ್ನೇ ಅಪಹರಿಸಿ ಸಮುದ್ರದಾಚೆಯ ಬ್ರಬಾಂಟ್‌ಗೆ (ಇಂದಿನ ಬೆಲ್ಜಿಯಂ ಕಡೆ) ಸಾಗಿಸಿದರು. 1381ರ ರೈತ ದಂಗೆಯಲ್ಲಿ ಮಠದ ಪ್ರಯರ್, ಅಂದರೆ ಮಠಾಧಿಪತಿಯ ನಂತರದ ಸ್ಥಾನದವರ, ತಲೆ ಕಡಿದು ಸಂತೆಮಾಳದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರು. ಅದು ಘೋರವೇ, ಸಮರ್ಥಿಸುತ್ತಿಲ್ಲ. ಆದರೆ ಸುಮ್ನೆ ಧರ್ಮದ ಮೇಲಿನ ದ್ವೇಷ ಅಂದರೆ ತಪ್ಪಾಗುತ್ತದೆ. ಅದೇ ಜನ ಪ್ರಾರ್ಥನೆಗೆ ಚರ್ಚಿಗೆ ಹೋಗುತ್ತಿದ್ದರು. ಅವರಿಗೆ ಬೇಕಿದ್ದದ್ದು ತಮ್ಮ ಊರನ್ನು ತಾವೇ ನೋಡಿಕೊಳ್ಳುವ ಹಕ್ಕು.

ಕೊನೆಗೆ ಮಠ ಮುಚ್ಚಿಸಿದ್ದು ದೊರೆ ಎಂಟನೇ ಹೆನ್ರಿ, 1539ರ ನವೆಂಬರ್‌ನಲ್ಲಿ. ಕಲ್ಲುಗಳನ್ನು ಕಿತ್ತು ಬೇರೆ ಕಟ್ಟಡಗಳಿಗೆ ಬಳಸಿದರು, ಚರ್ಚಿನ ಮುಂಗೋಡೆಯ ಅವಶೇಷದೊಳಗೇ ಮನೆ ಕಟ್ಟಿಕೊಂಡರು, ಅವು ಇವತ್ತೂ ಇವೆ. ಊರಿಗೆ ಸ್ವಂತ ಆಡಳಿತದ ಸನದು ಸಿಕ್ಕಿದ್ದು ಮಾತ್ರ 1606ರಲ್ಲಿ, ಮಠ ಹೋಗಿ 60 ವರ್ಷ ದಾಟಿದ ಮೇಲೆ.